ನಡುವಿಗೊಂದು ಬಳೆ

ವ್ಯಾಯಾಮ ಒಳ್ಳೆಯದೆಂದು ಒಪ್ಪದವರಿಲ್ಲ. ಅದನ್ನು ಬಿಡದೆ ಮಾಡುವವರು ಮಾತ್ರ ವಿರಳ. ಹೊಸ ವರ್ಷದ ದಿನ ಕೈಗೊಂಡ ಸಂಕಲ್ಪ ಸಂಕ್ರಾಂತಿಯ ಸಕ್ಕರೆ ಅಚ್ಚಿನೊಡನೆಯೇ ಕರಗಿಹೋಗುವುದನ್ನು ಯಾವ ಮನೆ ತಾನೆ ಕಂಡಿಲ್ಲ? ದೇಹಕ್ಕೆ ಹಿತವಾದದ್ದು ಮನಸ್ಸಿಗೂ ಹಿತವಾಗದಿದ್ದರೆ ಅದು ಬಹುಕಾಲ ನಡೆಯದು. ಆಟವೂ ಆಗಿ ವ್ಯಾಯಾಮವೂ ಆಗುವ ಸಾಧನವೊಂದು ದೊರೆತರೆ ಈ ತೊಡಕು ಅರ್ಧ ಬಿಡಿಸಿದಂತೆ. ಅಂಥ ಸಾಧನಗಳಲ್ಲೊಂದು ಹೂಲಾ ಹೂಪ್ ಎಂಬ, ನಡುವಿನ ಸುತ್ತ ತಿರುಗಿಸುವ ದೊಡ್ಡ ಬಳೆ.

ಬಳೆಯೊಡನೆ ಆಡುವುದು ಹೊಸ ಸಂಗತಿಯಲ್ಲ. ನಾನಾ ದೇಶಗಳ ಮಕ್ಕಳು ಮರದ, ಬಿದಿರಿನ, ಲೋಹದ ಬಳೆಗಳನ್ನು ಉರುಳಿಸಿಕೊಂಡು ಓಡಿದ್ದಾರೆ; ನಮ್ಮ ಹಳ್ಳಿಯ ಹುಡುಗರು ಹಳೆಯ ಟೈರನ್ನು ಕೋಲಿನಿಂದ ಓಡಿಸಿದ್ದೂ ಇದೇ ಬಳಗದ ಆಟ. ಆಸ್ಟ್ರೇಲಿಯದ ಮಕ್ಕಳು ಬಿದಿರಿನ ಬಳೆಯನ್ನು ನಡುವಿಗೆ ಸುತ್ತಿಸುತ್ತಿದ್ದ ಸುದ್ದಿ ಕ್ಯಾಲಿಫೋರ್ನಿಯದ ‘ವ್ಯಾಮ್-ಓ’ ಎಂಬ ಆಟಿಕೆ ಕಂಪನಿಗೆ ತಲುಪಿತು. ಅದರ ಒಡೆಯರಾದ ರಿಚರ್ಡ್ ನರ್ ಮತ್ತು ಆರ್ಥರ್ ಮೆಲಿನ್ ಆ ಬಳೆಯನ್ನು ಆಗಿನ್ನೂ ಹೊಸದಾಗಿದ್ದ ಹಗುರ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ, 1958ರಲ್ಲಿ ಎರಡು ಡಾಲರಿಗೂ ಕಡಿಮೆ ಬೆಲೆಗೆ ಮಾರಾಟಕ್ಕಿಟ್ಟರು. ಸೊಂಟ ಬಳುಕಿಸುವ ಹವಾಯಿ ದ್ವೀಪಗಳ ‘ಹೂಲಾ’ ನೃತ್ಯದ ಹೆಸರು ಅದಕ್ಕಂಟಿತು. ನಾಲ್ಕೇ ತಿಂಗಳಲ್ಲಿ ಎರಡೂವರೆ ಕೋಟಿ ಬಳೆಗಳು ಖರ್ಚಾದುವೆಂದು ಹೇಳುತ್ತಾರೆ. ಎಲ್ಲ ಹುಚ್ಚುಗಳಂತೆ ಆ ಹುಚ್ಚೂ ಬೇಗನೆ ಇಳಿಯಿತು. ಆದರೆ ಬಳೆ ಉಳಿಯಿತು. ಈಗ ಅದು ಮಕ್ಕಳ ಕೈಯಿಂದ ಹಿರಿಯರ ನಡುವಿಗೂ ಏರಿದೆ.

ಇಲ್ಲಿಯೇ ಮೊದಲ ತೊಡಕು. ನಲವತ್ತು ದಾಟಿದ ಗೃಹಿಣಿಯೊಬ್ಬಳು ಮಗಳ ಪುಟ್ಟ ಬಳೆಯನ್ನೆತ್ತಿಕೊಂಡು ನಾಲ್ಕಾರು ಬಾರಿ ಯತ್ನಿಸುತ್ತಾಳೆ. ಅದು ಪ್ರತಿಸಲವೂ ಕಾಲಬುಡಕ್ಕೆ ಬೀಳುತ್ತದೆ. ಮನೆಯವರು ನಗುತ್ತಾರೆ. “ಇದೆಲ್ಲ ನನ್ನ ವಯಸ್ಸಿಗಲ್ಲ” ಎಂದು ಆಕೆ ಅದನ್ನು ಗೋಡೆಗೆ ಒರಗಿಸಿಬಿಡುತ್ತಾಳೆ. ತಪ್ಪು ಆಕೆಯದಲ್ಲ, ವಯಸ್ಸಿನದೂ ಅಲ್ಲ, ತಪ್ಪು ಬಳೆಯದು. ಚಿಕ್ಕ ಹಗುರ ಬಳೆ ನಿಲ್ಲಬೇಕಾದರೆ ಅತಿ ವೇಗವಾಗಿ ತಿರುಗಬೇಕು. ದೊಡ್ಡ ಬಳೆ ಸಾವಕಾಶವಾಗಿ ತಿರುಗುತ್ತದೆ. ಅದರ ಲಯಕ್ಕೆ ಮೈ ಒಗ್ಗಲು ಸಮಯ ದೊರೆಯುತ್ತದೆ. ನೆಲದ ಮೇಲೆ ನಿಲ್ಲಿಸಿದಾಗ ಹೊಕ್ಕುಳಿನಿಂದ ಎದೆಯವರೆಗಿನ ಎತ್ತರಕ್ಕೆ ಬರುವ, ಸುಮಾರು 100 ಸೆಂಟಿಮೀಟರ್ ವ್ಯಾಸದ ಬಳೆ ಹೊಸಬರಿಗೆ ಯೋಗ್ಯ. ಮೈ ದಪ್ಪವಿದ್ದವರಿಗೆ ಇನ್ನೂ ಕೊಂಚ ದೊಡ್ಡದಾದರೆ ಲೇಸು.

ಬಳೆ ದೊರೆತ ಮೇಲೆ ಆಟದ ರೀತಿಯ ಆಯ್ಕೆ. ಮೊದಲನೆಯದು ಎಲ್ಲರೂ ಬಲ್ಲ ನಡುವಿನ ಆಟ. ಸೊಂಟವನ್ನು ಗಾಣದಂತೆ ತಿರುಗಿಸಬೇಕೆಂಬುದು ಹಲವರ ಭ್ರಮೆ. ಒಂದು ಪಾದವನ್ನು ತುಸು ಮುಂದಿಟ್ಟು, ಮೈಭಾರವನ್ನು ಹಿಂದಕ್ಕೂ ಮುಂದಕ್ಕೂ ತೂಗಿದರೆ ಸಾಕು. ತಿರುಗುವ ಕೆಲಸ ಬಳೆಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಶಾಖೆಯಲ್ಲಿ ಈ ಆಟ ಬಲ್ಲ 16 ಮಂದಿ ಮಹಿಳೆಯರನ್ನು ಪರೀಕ್ಷಿಸಿದಾಗ, ಅರ್ಧ ಗಂಟೆಯ ಆಟದಲ್ಲಿ ಸರಾಸರಿ 210 ಕ್ಯಾಲೊರಿ ವ್ಯಯವಾದುದು ಕಂಡುಬಂದಿತು. ಚುರುಕಾದ ನಡಿಗೆಗೆ ಇದು ಕಡಿಮೆಯೇನಲ್ಲ.

ಎರಡನೆಯದು ಭಾರದ ಬಳೆಯ ಆಟ. ಫಿನ್ಲೆಂಡಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸ್ಥೂಲಕಾಯದವರು ಒಂದೂವರೆ ಕಿಲೋಗ್ರಾಂ ತೂಕದ ಬಳೆಯನ್ನು ದಿನಕ್ಕೆ ಸುಮಾರು 13 ನಿಮಿಷದಂತೆ ಆರು ವಾರ ತಿರುಗಿಸಿದರು. ನಡುವಿನ ಸುತ್ತಳತೆ ಸರಾಸರಿ ಮೂರು ಸೆಂಟಿಮೀಟರಿನಷ್ಟು ತಗ್ಗಿತು. ನಡಿಗೆಯಿಂದ ಅಷ್ಟು ತಗ್ಗಲಿಲ್ಲ. ಮೈತೂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ಇಳಿತವಾಗಲಿಲ್ಲ. ಎಂದರೆ, ತಕ್ಕಡಿಯ ಮುಳ್ಳನ್ನು ನಂಬಿದವರು ಊಟದ ತಟ್ಟೆಯ ಕಡೆಗೂ ಒಂದು ಕಣ್ಣಿಡಬೇಕಾಗುತ್ತದೆ. ಭಾರದ ಬಳೆ ಮೊದಲ ದಿನಗಳಲ್ಲಿ ಮೈಗೆ ಕಂದು ಬರಿಸುವುದೂ ಉಂಟು. ಒಳಬದಿಯಲ್ಲಿ ಉಬ್ಬುಗಳಿದ್ದರಂತೂ ಹೇಳುವುದೇ ಬೇಡ. ಭಾರ ಹೆಚ್ಚಿದಷ್ಟೂ ಫಲ ಹೆಚ್ಚೆಂಬ ದುರಾಸೆ ಸಲ್ಲದು. ಬೆನ್ನುನೋವಿದ್ದವರು, ಗರ್ಭಿಣಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಇದಕ್ಕೆ ಕೈಯಿಡಬಾರದು. ನಡುವಿಗೆ ಬಿಗಿದ ಪಟ್ಟಿಯ ಸುತ್ತ ಗುಂಡೊಂದು ತಿರುಗುವ, ಎಂದಿಗೂ ಬೀಳದ ಬಳೆಗಳೂ ಈಗ ಬಂದಿವೆ. ಅವುಗಳಲ್ಲಿ ವ್ಯಾಯಾಮವಿದೆ, ಬೀಳಗೊಡದೆ ನಿಲ್ಲಿಸಿದೆನೆಂಬ ಸಂತೋಷವಿಲ್ಲ.

ಮೂರನೆಯದು ನೃತ್ಯದ ರೀತಿ. ಇಲ್ಲಿ ಬಳೆ ನಡುವನ್ನು ಬಿಟ್ಟು ಕೈ, ತೋಳು, ಭುಜಗಳ ಮೇಲೆ ಹರಿದಾಡುತ್ತದೆ. ಗಾಳಿಗೆ ಚಿಮ್ಮಿ ಮರಳಿ ಬೆರಳಿಗೆ ಬರುತ್ತದೆ. ಇದಕ್ಕೆ ಚಿಕ್ಕ ಹಗುರ ಬಳೆಯೇ ಬೇಕು. ಸಂಗೀತದಲ್ಲಿ ಒಲವುಳ್ಳವರಿಗೆ ಇದಕ್ಕಿಂತ ಸೊಗಸಾದ ವ್ಯಾಯಾಮ ಅಪರೂಪ. ದೆಹಲಿಯ ಎಶ್ನಾ ಕುಟ್ಟಿ 2020ರಲ್ಲಿ ಸೀರೆಯುಟ್ಟು, ಕಾಲಿಗೆ ಬೂಟು ತೊಟ್ಟು, ಬಳೆಯೊಡನೆ ಕುಣಿದ ಚಿತ್ರವನ್ನು ದೇಶದಾದ್ಯಂತ ಲಕ್ಷಾಂತರ ಮಂದಿ ನೋಡಿ ಮೆಚ್ಚಿದರು. ಸೀರೆ ಆಟಕ್ಕೆ ಅಡ್ಡಿಯೆಂಬ ನೆಪ ಅಂದಿಗೇ ಮುಗಿಯಿತು.

ಹೆಣ್ಣುಮಕ್ಕಳಿಗೆ ಸ್ಪರ್ಧೆಯ ಆಸೆಯಿದ್ದರೆ ನಾಲ್ಕನೆಯ ದಾರಿಯೊಂದಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಮೊದಲು ಸೇರಿದ ಲಯಬದ್ಧ ಜಿಮ್ನಾಸ್ಟಿಕ್ಸಿನಲ್ಲಿ ಬಳೆಯೂ ಒಂದು ಸಾಧನ. ಆದರೆ ಅದು ಎಳವೆಯಿಂದಲೇ ಗುರುಮುಖೇನ ಕಲಿಯಬೇಕಾದ ವಿದ್ಯೆ. ಇನ್ನು ಅಮೆರಿಕದ ಮೂಲನಿವಾಸಿಗಳ ಬಳೆ-ನೃತ್ಯವುಂಟು. ಹಲವು ಬಳೆಗಳನ್ನು ಮೈಮೇಲೆ ಹೆಣೆದು ಹದ್ದು, ಚಿಟ್ಟೆಗಳ ರೂಪ ತಾಳಿ ಕಥೆ ಹೇಳುವ ಆ ಕಲೆ ಅವರ ಪರಂಪರೆಯ ಸ್ವತ್ತು. ಅದನ್ನು ಕಂಡು ಗೌರವಿಸಬೇಕೇ ಹೊರತು ಬೊಜ್ಜು ಕರಗಿಸಲು ಎರವಲು ತರುವಂಥದಲ್ಲ.

ಇಷ್ಟಾದರೂ ಕೆಲವರ ನಡುವಿನಲ್ಲಿ ಬಳೆ ಬೇಗ ನಿಲ್ಲುತ್ತದೆ, ಕೆಲವರಲ್ಲಿ ನಿಲ್ಲುವುದಿಲ್ಲ. ಏಕೆ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2025ರಲ್ಲಿ ಇದಕ್ಕೂ ಉತ್ತರ ನೀಡಿದರು. ಬೇರೆ ಬೇರೆ ಆಕಾರದ ಯಂತ್ರದ ಬೊಂಬೆಗಳಿಗೆ ಬಳೆ ತೊಡಿಸಿ ತಿರುಗಿಸಿದಾಗ, ನೆಟ್ಟನೆಯ ಕಂಬದಂಥ ಬೊಂಬೆಯಿಂದ ಬಳೆ ಕೆಳಗಿಳಿಯಿತು. ನಡು ಸಣ್ಣಗಾಗಿ ಮೇಲೂ ಕೆಳಗೂ ಅಗಲಿಸಿದ, ಡಮರುವಿನಂಥ ಬೊಂಬೆಯಲ್ಲಿ ಸ್ಥಿರವಾಗಿ ನಿಂತಿತು. ಸೊಂಟದ ಇಳಿಜಾರು ಬಳೆಯನ್ನು ಮೇಲಕ್ಕೆ ತಳ್ಳುತ್ತದೆ. ನಡುವಿನ ಬಳುಕು ಅದನ್ನು ಒಂದೆಡೆ ಹಿಡಿಯುತ್ತದೆ. ಡಮರುವಿನ ಮೈಕಟ್ಟು ಎಲ್ಲರಿಗೂ ದೊರೆತಿರುವುದಿಲ್ಲ. ಅಂಥವರು ಮತ್ತಷ್ಟು ಶ್ರಮಪಡಬೇಕಾದೀತು, ಅಷ್ಟೆ, ನಾಚಿಕೆಪಡಬೇಕಾದುದೇನಿಲ್ಲ.

ಕಡೆಯದಾಗಿ ಕೆಲವು ಸಣ್ಣ ಮಾತುಗಳು. ಹಜಾರದ ಟೀಪಾಯಿ, ಹೂದಾನಿಗಳನ್ನು ಮೊದಲು ಸರಿಸಬೇಕು. ತಾರಸಿಯಿದ್ದರೆ ಇನ್ನೂ ಒಳ್ಳೆಯದು. ಜಾರುವ ರೇಷ್ಮೆ, ನೈಲಾನುಗಳಿಗಿಂತ ಹತ್ತಿಯ ಉಡುಪಿನ ಮೇಲೆ ಬಳೆ ಚೆನ್ನಾಗಿ ಕೂರುತ್ತದೆ. ಮೊದಲ ವಾರ ಐದು ನಿಮಿಷ ಸಾಕು. ಎಡಕ್ಕೆ ತಿರುಗಿಸಿದಷ್ಟೇ ಬಲಕ್ಕೂ ತಿರುಗಿಸಬೇಕು; ಇಲ್ಲವಾದರೆ ಮೈಯ ಒಂದು ಬದಿಯೇ ದುಡಿಯುತ್ತದೆ. ಮನೆಯಲ್ಲಿ ಒಬ್ಬರು ನಡುವಿನ ಆಟ, ಇನ್ನೊಬ್ಬರು ನೃತ್ಯ, ಮಗು ಬರಿಯ ಉರುಳಾಟವನ್ನು ಆರಿಸಿಕೊಂಡರೂ ಬಾಧಕವಿಲ್ಲ. ನಾಳೆಯೂ ಆಡಬೇಕೆನಿಸುವ ರೀತಿ ಯಾವುದೋ ಅದೇ ಅವರವರಿಗೆ ಸರಿಯಾದ ರೀತಿ. ನಗುವವರು ನಾಲ್ಕು ದಿನ ನಗುತ್ತಾರೆ. ಐದನೆಯ ದಿನ “ಎಲ್ಲಿ, ಒಮ್ಮೆ ಕೊಡು ನೋಡೋಣ” ಎಂದು ಅವರೇ ಕೈ ಚಾಚುತ್ತಾರೆ. ಬಳೆ ಬಿದ್ದಾಗಲೆಲ್ಲ ಬಗ್ಗಿ ಎತ್ತಿಕೊಳ್ಳಬೇಕು. ಅದೂ ವ್ಯಾಯಾಮವೇ!