ತಕ್ಕಡಿಗೇರಿದ ಕನ್ನಡ

ಸೊಲ್ಲಾಪುರದಂಥ ಊರಿನ ಯಾವುದಾದರೊಂದು ರದ್ದಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡಿದವರಿಗೆ ಅಲ್ಲಿಯ ವಿಂಗಡಣೆಯ ಕ್ರಮ ತಿಳಿದುಬಿಡುತ್ತದೆ. ಕೈಗಾಡಿಯಿಂದ ಇಳಿದ ಚೀಲವನ್ನು ಅಂಗಡಿಕಾರನು ನೆಲಕ್ಕೆ ಸುರುವುತ್ತಾನೆ. ವೃತ್ತಪತ್ರಿಕೆಗಳು ಒಂದು ಕಡೆಗೆ, ರಟ್ಟು ಮತ್ತೊಂದು ಕಡೆಗೆ. ಪುಸ್ತಕಗಳ ಪೈಕಿ ಸ್ಪರ್ಧಾ ಪರೀಕ್ಷೆಯವು, ಶಾಲೆಯ ಪಠ್ಯಗಳು, ಇಂಗ್ಲಿಷಿನ ದಪ್ಪ ಗ್ರಂಥಗಳು, ಹೆಸರಾಂತ ಮರಾಠಿ ಕಾದಂಬರಿಗಳು ಬೇರೆಯಾಗಿ ನಿಲ್ಲುತ್ತವೆ. ಅವುಗಳನ್ನು ಕೇಳಿಕೊಂಡು ಬರುವವರುಂಟು. ಉಳಿದದ್ದೆಲ್ಲ ತಕ್ಕಡಿಗೆ. ಆ ಉಳಿದದ್ದರಲ್ಲಿಯೇ ಬಹುಮಟ್ಟಿಗೆ ಕನ್ನಡವಿರುತ್ತದೆ. ಅಂಗಡಿಕಾರನಿಗೆ ಕನ್ನಡದ ಮೇಲೆ ದ್ವೇಷವೇನೂ ಇಲ್ಲ. ಅವನ ಮನೆಯ ಆಡುಮಾತೂ ಕನ್ನಡವೇ ಆಗಿರಬಹುದು. ಆದರೆ ತಾನು ಓದಬಲ್ಲ ಲಿಪಿಗೆ ಅವನು ಬೆಲೆ ಕಟ್ಟುತ್ತಾನೆ, ಓದಲಾಗದ ಲಿಪಿಯನ್ನು ತೂಗುತ್ತಾನೆ. ತೂಗಿದ್ದು ಕಾಗದದ ಗಿರಣಿಗೆ ಹೋಗಿ, ನೀರಿನಲ್ಲಿ ಕರಗಿ, ಮರಳಿ ರಟ್ಟಾಗುತ್ತದೆ.

ಹಳೆಯ ಪುಸ್ತಕಗಳನ್ನು ಹುಡುಕುವ ಸುಖವನ್ನು ಕುರಿತು ಮಾತನಾಡುವವರು ಮೊದಲು ಈ ತಕ್ಕಡಿಯನ್ನು ನೆನೆಯಬೇಕು. ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಈ ಹುಡುಕಾಟವು ಬರಿಯ ಹವ್ಯಾಸವಲ್ಲ. ಹಾಗೆಂದು ಇದನ್ನು ಕರ್ತವ್ಯವೆಂದು ಹೇರಿದರೆ ಒಬ್ಬನೂ ಎರಡನೆಯ ಸಲ ಹೋಗಲಾರನು. ಸುಖಕ್ಕಾಗಿ ಹೋದವನ ಕೈಯಿಂದಲೇ ಈ ಕೆಲಸ ನಡೆಯಬೇಕಾಗಿದೆ.

ಸುಖವಂತೂ ದೊಡ್ಡದು. ಹೊಸ ಪುಸ್ತಕದ ಅಂಗಡಿಗೆ ಹೋಗುವವನು ತನಗೆ ಮೊದಲೇ ಗೊತ್ತಿರುವ ಹೆಸರನ್ನು ಕೇಳುತ್ತಾನೆ. ಹಳೆಯ ಪುಸ್ತಕದ ರಾಶಿಯ ಮುಂದೆ ಕುಳಿತವನಿಗೆ ತಾನು ಎಂದೂ ಕೇಳದ ಹೆಸರು ಎದುರಾಗುತ್ತದೆ. ಪುಣೆಯ ಅಪ್ಪಾ ಬಳವಂತ ಚೌಕದ ಗಲ್ಲಿಗಳಲ್ಲಿ, ಅಲ್ಲಿಯ ಜೂನಾ ಬಾಜಾರದಲ್ಲಿ, ಮುಂಬಯಿಯ ಫ್ಲೋರಾ ಫೌಂಟನ್ ಸುತ್ತಲಿನ ಕಾಲುದಾರಿಗಳಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ತಲೆಮಾರುಗಳ ಓದುಗರು ಈ ರುಚಿಯನ್ನು ಕಂಡಿದ್ದಾರೆ. ಬೆನ್ನು ಬಾಗಿಸಿ, ಕೈಗೆ ಧೂಳು ಹತ್ತಿಸಿಕೊಂಡು, ಹತ್ತು ನಿರುಪಯೋಗಿ ಪುಸ್ತಕಗಳನ್ನು ಸರಿಸಿದ ಮೇಲೆ ಹನ್ನೊಂದನೆಯದರ ಮುಖಪುಟದಲ್ಲಿ ಒಂದು ಪರಿಚಿತ ಊರಿನ ಮುದ್ರಣಾಲಯದ ಹೆಸರು ಕಂಡಾಗ ಆಗುವ ಹಿಗ್ಗನ್ನು ಬೇರೆ ಯಾವ ಖರೀದಿಯೂ ಕೊಡಲಾರದು. ಅಲ್ಲಿ ಸಿಕ್ಕದ್ದು ಪುಸ್ತಕವೊಂದೇ ಅಲ್ಲ. ಮೊದಲ ಪುಟದಲ್ಲಿ ಶಾಯಿಯಿಂದ ಬರೆದ ಹೆಸರು, ಮದುವೆಯಲ್ಲಿ ಉಡುಗೊರೆ ಕೊಟ್ಟವರ ಸಹಿ, ನಡುವೆ ಮರೆತುಹೋದ ಪೋಸ್ಟ್ ಕಾರ್ಡು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಅರ್ಥ — ಒಬ್ಬ ಓದುಗನ ಬಾಳಿನ ಒಂದು ತುಣುಕೇ ಕೈಗೆ ಬಂದಿರುತ್ತದೆ.

ಈ ಪುಸ್ತಕಗಳು ಇಲ್ಲಿಗೆ ಬಂದದ್ದು ಹೇಗೆಂಬುದನ್ನು ತಿಳಿದರೆ ಆ ತುಣುಕಿನ ತೂಕ ಅರ್ಥವಾದೀತು. ಸೊಲ್ಲಾಪುರವು ಧಾರವಾಡ, ಬೆಳಗಾವಿ, ವಿಜಯಪುರಗಳ ಜತೆಗೆ ಮುಂಬಯಿ ಪ್ರಾಂತದಲ್ಲಿಯೇ ಇತ್ತು. ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳು 1948ರಲ್ಲಿ ಆ ಪ್ರಾಂತದಲ್ಲಿ ವಿಲೀನವಾದವು. ಧಾರವಾಡದಲ್ಲಿ 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿಕೊಂಡು ಪುಸ್ತಕಗಳನ್ನು ಹೊರತಂದಿತು. ಅಂಥ ಮಾಲೆಗಳ ಪುಸ್ತಕಗಳು ಅಂಚೆಯಲ್ಲಿ ಊರೂರಿಗೆ ಹೋಗುತ್ತಿದ್ದ ಕಾಲವದು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿಯೇ ನೆರೆಯಿತು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಓದಿ ಬೆಳೆದು, ಕನ್ನಡದಲ್ಲಿ ಕಾವ್ಯ ಬರೆದು, 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. ಇಂಥ ವಾತಾವರಣದಲ್ಲಿ ಈ ಭಾಗದ ಮನೆಗಳ ಗೂಡುಗಳಲ್ಲಿ ಕನ್ನಡ ಪುಸ್ತಕಗಳು ಸೇರಿಕೊಂಡವು.

1956ರ ನವೆಂಬರ್ 1ರಂದು ರಾಜ್ಯಗಳ ಗಡಿಗಳು ಬದಲಾದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಮನೆಯ ಮಾತು ಬದಲಾಗಲಿಲ್ಲ. ಮಕ್ಕಳ ಶಾಲೆ ಬದಲಾಯಿತು. ಅಜ್ಜನು ಕನ್ನಡದಲ್ಲಿ ಓದಿದವನು, ಮಗನು ಎರಡೂ ಬಲ್ಲವನು, ಮೊಮ್ಮಗನು ಕನ್ನಡದಲ್ಲಿ ಮಾತನಾಡುವನಾದರೂ ಓದುವುದು ಮರಾಠಿ ಇಲ್ಲವೆ ಇಂಗ್ಲಿಷ್. ಅಜ್ಜನು ತೀರಿಕೊಂಡ ಮೇಲೆ ಮನೆಗೆ ಸುಣ್ಣ ಹೊಡೆಯುವ ದಿನ ಬರುತ್ತದೆ. ಅಟ್ಟದಿಂದ ಟ್ರಂಕು ಇಳಿಯುತ್ತದೆ. ಅದರೊಳಗಿನದನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಹೀಗೆ ರದ್ದಿಯವನಿಗೆ ಕರೆ ಹೋಗುತ್ತದೆ.

ಆ ಮೊಮ್ಮಗನನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಅವನು ಅಜ್ಜನಿಗೆ ದ್ರೋಹ ಬಗೆದವನಲ್ಲ. ಅಜ್ಜನ ಅಕ್ಷರವನ್ನು ಅವನಿಗೆ ಯಾರೂ ಕಲಿಸಲಿಲ್ಲ, ಅಷ್ಟೆ. ರದ್ದಿಯ ರಾಶಿಯಲ್ಲಿ ಒಬ್ಬ ವಿದ್ಯಾರ್ಥಿಗೆ ನಿಧಿ ಸಿಕ್ಕಿತೆಂದರೆ ಎಲ್ಲಿಯೋ ಒಂದು ಮನೆಯಲ್ಲಿ ಕನ್ನಡದ ಓದು ಮುಗಿದುಹೋಯಿತೆಂದೇ ಅರ್ಥ. ಈ ಹುಡುಕಾಟದ ಸುಖದ ಅಡಿಯಲ್ಲಿ ಇಂಥದೊಂದು ದುಃಖವಿದೆ. ಅದನ್ನು ಬಲ್ಲವನು ಸಿಕ್ಕ ಪುಸ್ತಕವನ್ನು ಅಲಂಕಾರಕ್ಕಾಗಿ ಕಪಾಟಿನಲ್ಲಿಡುವುದಿಲ್ಲ. ಅಜ್ಜನು ಬಿಟ್ಟ ಪುಟದಿಂದ ಮುಂದೆ ಓದುತ್ತಾನೆ.

ಹುಡುಕುವವರಿಂದ ಏನಾಗುತ್ತದೆಂಬುದಕ್ಕೆ ಈ ಪ್ರದೇಶವೇ ಸಾಕ್ಷಿ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮಠಗಳಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟು ಪೂಜಿಸುತ್ತಿದ್ದ ತಾಡೋಲೆಗಳನ್ನು ಕೇಳಿ, ಬೇಡಿ, ಸಂಗ್ರಹಿಸಿ ಓದಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಇಂದು ಪಠ್ಯದಲ್ಲಿ ವಚನಗಳನ್ನು ಓದುವ ವಿದ್ಯಾರ್ಥಿಯು ಆ ಅಲೆದಾಟದ ಫಲವನ್ನು ಉಣ್ಣುತ್ತಿದ್ದಾನೆ. ಕೌಟಿಲ್ಯನ ‘ಅರ್ಥಶಾಸ್ತ್ರ’ವೂ ಹಾಗೆಯೇ ಒಬ್ಬ ಪಂಡಿತರು ಮೈಸೂರಿನ ಗ್ರಂಥಾಲಯಕ್ಕೆ ತಂದುಕೊಟ್ಟ ಓಲೆಗರಿಯ ಪ್ರತಿಯಿಂದ ಬೆಳಕು ಕಂಡಿತು, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು.

ತಾಡೋಲೆಯ ಮಾತು ಬೇರೆ, ಅಚ್ಚಾದ ಪುಸ್ತಕದ ಮಾತು ಬೇರೆ. ಅಚ್ಚಾದದ್ದಕ್ಕೆ ಸಾವಿರ ಪ್ರತಿಗಳಿರುತ್ತವೆ ಎಂದು ಆಕ್ಷೇಪಿಸಬಹುದು. ದೊಡ್ಡ ಲೇಖಕರ ಮಟ್ಟಿಗೆ ಅದು ನಿಜ. ಆದರೆ ತಾಲೂಕಿನ ಮುದ್ರಣಾಲಯದಲ್ಲಿ ಅಚ್ಚಾದ ಭಜನೆಯ ಹಾಡುಗಳ ಪುಸ್ತಿಕೆ, ಜಾತ್ರೆಯ ಸ್ಮರಣ ಸಂಚಿಕೆ, ಬಯಲಾಟದ ಪುಸ್ತಕ, ನಾಟಕ ಕಂಪನಿಯ ಹಾಡುಗಳ ಚೋಪಡಿ, ಶಾಲೆಯ ವಾರ್ಷಿಕ ಸಂಚಿಕೆ, ಹಳೆಯ ಪಂಚಾಂಗ — ಇವುಗಳ ಪ್ರತಿಗಳನ್ನು ಯಾರು ಕಾಪಿಟ್ಟಿದ್ದಾರೆ? ಪ್ರಕಾಶಕರು ಪ್ರತಿಯೊಂದು ಪುಸ್ತಕವನ್ನೂ ಕೋಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯ ಮೊದಲಾದವುಗಳಿಗೆ ಕಳಿಸಬೇಕೆಂಬ ಕಾಯಿದೆ 1954ರಲ್ಲಿ ಬಂತು. ಸಣ್ಣ ಊರುಗಳ ಪ್ರಕಾಶಕರೆಲ್ಲರೂ ಅದನ್ನು ಪಾಲಿಸಿದರೆಂದು ಹೇಳಲಾಗದು. ಇಂಥ ಪುಸ್ತಿಕೆಯ ಕೊನೆಯ ಪ್ರತಿಯು ತಕ್ಕಡಿಗೇರಿದರೆ ಅದೂ ತಾಡೋಲೆಯಷ್ಟೇ ಶಾಶ್ವತವಾಗಿ ಅಳಿಯುತ್ತದೆ.

ಹುಡುಕುವುದಕ್ಕೆ ಕಣ್ಣು ಪಳಗಬೇಕು. ಅದು ಸಾಹಿತ್ಯ ಚರಿತ್ರೆಯ ಪಾಠವೇ ಆಗುತ್ತದೆ. ಹಳೆಯ ಕನ್ನಡ ಪುಸ್ತಕಗಳು ಎಷ್ಟೋ ಸಲ ಮುಖಪುಟ ಕಳೆದುಕೊಂಡಿರುತ್ತವೆ, ಇಸವಿ ಇರುವುದಿಲ್ಲ. ಆದರೂ ಕಾಲವನ್ನು ಹೇಳುವ ಗುರುತುಗಳಿವೆ. ಬೆಲೆಯು ಆಣೆಗಳಲ್ಲಿದ್ದರೆ ಪುಸ್ತಕವು ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ದಶಮಾಂಶ ನಾಣ್ಯ ಆಗ ಜಾರಿಗೆ ಬಂತು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ಆಸುಪಾಸಿನದು. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದು. ಆರು ಅಂಕಿಗಳ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಲಾರದು. ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿದಾಗ ಅಕ್ಷರಗಳ ಒತ್ತು ತಗುಲಿದರೆ ಅದು ಸೀಸದ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಈ ಚಿಕ್ಕ ಗುರುತುಗಳನ್ನು ಬಲ್ಲ ವಿದ್ಯಾರ್ಥಿಯು ರದ್ದಿ ಅಂಗಡಿಯಲ್ಲಿ ನಿಂತೇ ಸಂಶೋಧನೆಯ ಮೊದಲ ಪಾಠವನ್ನು ಮುಗಿಸಿರುತ್ತಾನೆ.

ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುತ್ತದೆ, ಧೂಳು ಕುಡಿಯುವುದೇಕೆ ಎಂಬುದು ಮತ್ತೊಂದು ಆಕ್ಷೇಪ. ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿರುವುದು ದೊಡ್ಡ ಉಪಕಾರವೇ ಸರಿ. ಆದರೆ ಯಂತ್ರವು ಸ್ಕ್ಯಾನ್ ಮಾಡುವುದು ಯಾರೋ ಉಳಿಸಿಟ್ಟದ್ದನ್ನು ಮಾತ್ರ. ತಕ್ಕಡಿಯಿಂದ ಗಿರಣಿಗೆ ಹೋದದ್ದನ್ನು ಯಾವ ಯಂತ್ರವೂ ಮರಳಿ ತರಲಾರದು. ಹುಡುಕಿದ ಪುಸ್ತಕವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಕೊಡಲು ಕಾನೂನಿನ ದಾರಿಯೂ ಇದೆ. ಭಾರತದಲ್ಲಿ ಲೇಖಕನು ತೀರಿದ ಮರುವರ್ಷದಿಂದ 60 ವರ್ಷ ಕಳೆದ ಮೇಲೆ ಅವನು ತನ್ನ ಬಾಳಿನಲ್ಲಿ ಪ್ರಕಟಿಸಿದ ಕೃತಿಗಳು ಎಲ್ಲರ ಸ್ವತ್ತಾಗುತ್ತವೆ. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಅವರ ಅಂಥ ಬರಹಗಳು 2025ರ ಜನವರಿ 1ರಿಂದ ಎಲ್ಲರವಾಗಿವೆ.

ಹುಡುಕುವವನಿಗೂ ಒಂದು ಶೀಲ ಬೇಕು. ಬೆಲೆ ತಿಳಿಯದ ಅಂಗಡಿಕಾರನಿಂದ ಅಪರೂಪದ ಪುಸ್ತಕವನ್ನು ಕಾಗದದ ದರದಲ್ಲಿ ಕಿತ್ತುಕೊಂಡು ಹೋಗಿ ದೊಡ್ಡ ಬೆಲೆಗೆ ಮಾರುವವನು ವ್ಯಾಪಾರಿಯೇ ಹೊರತು ಓದುಗನಲ್ಲ. ಗ್ರಂಥಾಲಯದ ಮುದ್ರೆ ಇದ್ದು ವಜಾ ಮಾಡಿದ ಗುರುತು ಇಲ್ಲದಿದ್ದರೆ ಆ ಪುಸ್ತಕವನ್ನು ಅದರ ಗ್ರಂಥಾಲಯಕ್ಕೆ ಮುಟ್ಟಿಸಬೇಕು. ಒಳಗೆ ಸಿಕ್ಕ ಖಾಸಗಿ ಪತ್ರವನ್ನು ಊರಿಗೆಲ್ಲ ತೋರಿಸಬಾರದು. ಮನೆತನ ಗೊತ್ತಾದರೆ ಮರಳಿಸಬೇಕು. ತಂದ ಪುಸ್ತಕವನ್ನು ಸುಡುವ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಗೆ ಆರಿಸಿ, ಮೆತ್ತನೆಯ ಒಣ ಬಟ್ಟೆಯಿಂದ ಒರೆಸಬೇಕು. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬಾರದು. ಆ ಅಂಟು ಕೆಲವೇ ವರ್ಷಗಳಲ್ಲಿ ಕಂದಿ ಅಕ್ಷರವನ್ನೇ ತಿನ್ನುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸಿಕ್ಕದ್ದನ್ನು ಬಚ್ಚಿಡಬಾರದು. ಬಚ್ಚಿಟ್ಟ ಪುಸ್ತಕವು ಇನ್ನೊಂದು ಟ್ರಂಕಿನಲ್ಲಿ ಇನ್ನೊಬ್ಬ ಮೊಮ್ಮಗನನ್ನು ಕಾಯುತ್ತ ಕೂಡುತ್ತದೆ.

ಈ ಭಾಗದ ವಿದ್ಯಾರ್ಥಿಗೆ ಇನ್ನೊಂದು ಅನುಕೂಲವಿದೆ. ಅದನ್ನು ಅವನು ಕೊರತೆಯೆಂದು ತಿಳಿದಿರುತ್ತಾನೆ. ಅವನಿಗೆ ಎರಡು ಲಿಪಿಗಳು ಬರುತ್ತವೆ. ರಾ. ಚಿಂ. ಢೇರೆಯವರು ಅಪಾರವಾದ ಸ್ವಂತ ಗ್ರಂಥಸಂಗ್ರಹವನ್ನು ಕಟ್ಟಿಕೊಂಡು, ಪಂಢರಪುರದ ವಿಠ್ಠಲನ ಮೂಲವನ್ನು ಅರಸುತ್ತ ಕನ್ನಡ ನಾಡಿನತ್ತ ಬಂದರು. ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ ಎಂಬ ಅವರ ಮರಾಠಿ ಗ್ರಂಥಕ್ಕೆ 1987ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಧಾರವಾಡದ ಶಂ. ಬಾ. ಜೋಶಿಯವರು ಮಹಾರಾಷ್ಟ್ರದಲ್ಲಿ ಕನ್ನಡದ ಹೆಜ್ಜೆಗಳನ್ನು ಅರಸಿದರು. ‘ಕಣ್ಮರೆಯಾದ ಕನ್ನಡ’ ಎಂಬುದು ಅವರ ಪುಸ್ತಕವೊಂದರ ಹೆಸರು. ಒಬ್ಬರು ಮರಾಠಿಯಿಂದ ಕನ್ನಡಕ್ಕೆ, ಮತ್ತೊಬ್ಬರು ಕನ್ನಡದಿಂದ ಮರಾಠಿಗೆ ದಾರಿ ಮಾಡಿದರು. ಒಂದೇ ರಾಶಿಯಲ್ಲಿ ಬಿದ್ದ ಮರಾಠಿ ಅಭಂಗದ ಪುಸ್ತಕವನ್ನೂ ಕನ್ನಡ ವಚನದ ಪುಸ್ತಕವನ್ನೂ ಎತ್ತಿ ಎರಡನ್ನೂ ಓದಬಲ್ಲವನು ಬೆಂಗಳೂರಿನಲ್ಲಿ ವಿರಳ, ಪುಣೆಯಲ್ಲಿಯೂ ವಿರಳ. ಅವನು ಸಿಗುವುದು ಗಡಿಯಲ್ಲಿಯೇ.

ಆದ್ದರಿಂದ ಐಚ್ಛಿಕ ಕನ್ನಡದ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಂಗಳಿಗೊಂದು ರವಿವಾರ ತನ್ನ ಊರಿನ ರದ್ದಿ ಅಂಗಡಿಗೆ ಹೋಗಬೇಕು. ಕೊಳ್ಳಲು ಹಣವಿಲ್ಲದಿದ್ದರೂ ಚಿಂತೆಯಿಲ್ಲ. ಪುಸ್ತಕದ ಹೆಸರು, ಲೇಖಕ, ಮುದ್ರಣಾಲಯ, ಊರು, ಬೆಲೆ — ಇಷ್ಟನ್ನು ಒಂದು ವಹಿಯಲ್ಲಿ ಬರೆದುಕೊಂಡರೂ ಸಾಕು. ಮೂರು ವರ್ಷಗಳ ಪದವಿ ಮುಗಿಯುವ ಹೊತ್ತಿಗೆ ಒಂದು ತರಗತಿಯ ವಹಿಗಳನ್ನು ಕೂಡಿಸಿದರೆ ಈ ಗಡಿಭಾಗದಲ್ಲಿ ಕನ್ನಡವು ಏನನ್ನು ಓದಿತ್ತು ಎಂಬುದರ ಒಂದು ಪಟ್ಟಿ ಸಿದ್ಧವಾಗುತ್ತದೆ.

ಹೀಗೆ ಹೋಗುತ್ತಿದ್ದರೆ ಇನ್ನೂ ಒಂದು ಫಲವುಂಟು. ಎರಡನೆಯ ತಿಂಗಳಿಗೆ ಅಂಗಡಿಕಾರನು ವಿದ್ಯಾರ್ಥಿಯ ಮುಖವನ್ನು ಗುರುತಿಸುತ್ತಾನೆ. ಮೂರನೆಯ ತಿಂಗಳಿಗೆ, ಕನ್ನಡದ ಪುಸ್ತಕ ಕೇಳಿಕೊಂಡು ಬರುವವರು ಇದ್ದಾರೆಂದು ಅವನಿಗೆ ಮನವರಿಕೆಯಾಗುತ್ತದೆ. ಅಂದಿನಿಂದ ಚೀಲ ಸುರುವಿದಾಗ ವೃತ್ತಪತ್ರಿಕೆ, ರಟ್ಟು, ಇಂಗ್ಲಿಷ್, ಮರಾಠಿಗಳ ಜತೆಗೆ ಗೋಡೆಯ ಪಕ್ಕ ಇನ್ನೊಂದು ಸಣ್ಣ ರಾಶಿ ಬೀಳತೊಡಗುತ್ತದೆ. ಅದರೊಳಗಿನದನ್ನು ಅಂಗಡಿಕಾರನು ಆಗಲೂ ಓದಲಾರನು. ಆದರೆ ಅದನ್ನು ತಕ್ಕಡಿಗೆ ಹಾಕುವುದಿಲ್ಲ, ಬರುವವರಿಗಾಗಿ ತೆಗೆದಿಡುತ್ತಾನೆ.