ಡಿಫ್ರ್ಯಾಗ್ ತಂತ್ರಾಂಶಕ್ಕೆ ದುಡ್ಡೇಕೆ?

ಮನೆಯ ಕಂಪ್ಯೂಟರಿನ ಡಿಸ್ಕನ್ನು ವಾರವಾರವೂ ಡಿಫ್ರ್ಯಾಗ್ ಮಾಡತಕ್ಕದ್ದೆಂದೂ, ಅದಕ್ಕೆ ಹಣ ತೆತ್ತು ತಂದ ತಂತ್ರಾಂಶವೇ ಆಗಬೇಕೆಂದೂ ವಿಧಿಸಿರುವ ಕಳೆದ ಸಂಚಿಕೆಯ ಲೇಖಕರು, ತಾವು ಯಾವ ಬಗೆಯ ಡಿಸ್ಕನ್ನು ಕುರಿತು ಬರೆಯುತ್ತಿರುವೆವೆಂಬುದನ್ನು ಮೊದಲು ಹೇಳಬೇಕಿತ್ತು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಹಿಡಿಯುವುದರಿಂದ, ಕಡತವೊಂದರ ತುಣುಕುಗಳು ಚೆದರಿಬಿದ್ದಿದ್ದರೆ ಓದುವ ಹೆಡ್ಡು ಪ್ರತಿಯೊಂದಕ್ಕೂ ಸ್ಥಾನ ಬದಲಿಸಿ, ಸರಾಸರಿ ಅರ್ಧ ಸುತ್ತಿನ ಕಾಲ ಕಾದು ನಿಲ್ಲಬೇಕಾಗುತ್ತದೆ. ಅಷ್ಟರಮಟ್ಟಿಗೆ ಅವರ ಮಾತು ಸಾಧುವೇ. ಆದರೆ ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೂ ಇದೇ ನ್ಯಾಯವನ್ನು ಅನ್ವಯಿಸುವುದೆಂದರೆ, ಬರೆದಷ್ಟೂ ಸವೆಯುವ ಅದರ ಆಯುಷ್ಯವನ್ನು ನಿಷ್ಕಾರಣವಾಗಿ ಕ್ಷಯಿಸುವುದಲ್ಲದೆ ಮತ್ತೇನು? ಅದಕ್ಕೆ ಬೇಕಾದದ್ದು, ಅಳಿಸಿದ ಕಡತಗಳ ಸ್ಥಳವಾವುದೆಂದು ಡ್ರೈವಿಗೆ ತಿಳಿಸುವ ಟ್ರಿಮ್ ಆಜ್ಞೆ. ಅದನ್ನು ವಿಂಡೋಸ್ 8ರಿಂದೀಚೆಗೆ ‘ಆಪ್ಟಿಮೈಸ್ ಡ್ರೈವ್ಸ್’ ತಾನಾಗಿಯೇ ನೆರವೇರಿಸುತ್ತದೆ.

ವಿಂಡೋಸಿನ ಸ್ವಂತ ಉಪಕರಣವು 64 ಎಂಬಿ ಮೀರಿದ ತುಣುಕುಗಳನ್ನು ಮುಟ್ಟದಿರುವುದನ್ನು ಲೇಖಕರು ಮಹಾದೋಷವೆಂದು ಎಣಿಸಿದ್ದಾರೆ. ಅಷ್ಟು ದೊಡ್ಡ ತುಣುಕನ್ನು ಓದಲು ತಗಲುವ ಕಾಲದ ಮುಂದೆ ಹೆಡ್ಡು ಚಲಿಸುವ ಕಾಲ ನಗಣ್ಯವಾದುದರಿಂದ ಅದು ದೋಷವಲ್ಲ, ವಿವೇಕ. ಬಣ್ಣಬಣ್ಣದ ಚೌಕಗಳು ಪರದೆಯ ಮೇಲೆ ಸಾಲುಗೂಡುವುದನ್ನು ನೋಡುವುದೂ ಒಂದು ಸುಖವೆಂಬುದನ್ನು ನಾನು ಅಲ್ಲಗಳೆಯೆನು. ಆ ಸುಖ ಬೇಕಾದವರಿಗೆ ಪಿರಿಫಾರ್ಮ್‌ನ ‘ಡಿಫ್ರ್ಯಾಗ್ಲರ್’ ಪುಕ್ಕಟೆಯಾಗಿಯೇ ಇದ್ದಿತು. ಒಂದೆರಡು ಕಡತಗಳನ್ನಷ್ಟೇ ಸರಿಪಡಿಸಬೇಕೆಂಬವರಿಗೆ ಸಿಸ್‌ಇಂಟರ್ನಲ್ಸ್‌ನ ‘ಕಾಂಟಿಗ್’ ಉಂಟು. ಇವೆಲ್ಲಕ್ಕೂ ಮೊದಲು ‘ಅನಲೈಸ್’ ಗುಂಡಿಯನ್ನೊತ್ತಿ, ಚೆದರಿಕೆ ಶೇಕಡಾ ಎಷ್ಟೆಂದು ನೋಡುವುದಕ್ಕೆ ಕಾಸೂ ಖರ್ಚಿಲ್ಲವೆಂಬುದನ್ನು ಆ ದೀರ್ಘ ಲೇಖನವು ಎಲ್ಲಿಯೂ ಹೇಳಿಲ್ಲ.