ಬೆಟ್ಟದ ಸರ್ಕಾರಿ ಬಂಗಲೆ: ಒಂದು ರಾತ್ರಿಗೆ ಎಷ್ಟು ಖರ್ಚು?

ಪಾಲಿಬೆಟ್ಟದ ಸುತ್ತಲಿನ ಕಾಫಿ ತೋಟಗಳಲ್ಲಿ ಬ್ರಿಟಿಷ್ ದೊರೆಗಳ ಕಾಲದ ಬಂಗಲೆಗಳು ಇಂದಿಗೂ ನಿಂತಿವೆ. ಕೊಡಗಿನ ಮಳೆಗೆ ಮನೆಯೊಳಗೆ ಜನರಿದ್ದಾರೆಯೋ ಇಲ್ಲವೋ ಎಂಬ ಗೊಡವೆಯಿಲ್ಲ. ಮಾಡು ಸೋರುತ್ತದೆ, ಗೋಡೆ ಪಾಚಿಗಟ್ಟುತ್ತದೆ, ಮರಮುಟ್ಟು ಕೊಳೆಯುತ್ತದೆ. 2024ರಲ್ಲಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನಗೊಂಡ ಟಾಟಾ ಕಾಫಿ ಸಂಸ್ಥೆಯು ಇಂತಹ ಕೆಲವು ಬಂಗಲೆಗಳನ್ನು ಬಹಳ ಹಿಂದೆಯೇ ಪ್ರವಾಸಿಗರಿಗೆ ಬಾಡಿಗೆಗೆ ತೆರೆಯಿತು. ಖರ್ಚಿನ ಬಾಬ್ತು ಆದಾಯದ ಬಾಬ್ತಾಯಿತು.

ಸರ್ಕಾರಕ್ಕೆ ಈ ಸರಳ ವ್ಯಾಪಾರಬುದ್ಧಿ ಏಕೆ ಹೊಳೆಯದು? ಕರ್ನಾಟಕದ ಸಚಿವರಿಗೆಂದು ಪ್ರತ್ಯೇಕ ಗಿರಿನಿವಾಸಗಳಿಲ್ಲ, ನಿಜ. ಆದರೆ ಮಡಿಕೇರಿಯಿಂದ ನಂದಿಬೆಟ್ಟದವರೆಗೆ ಹರಡಿರುವ ಅತಿಥಿಗೃಹಗಳು, ಪ್ರವಾಸಿ ಮಂದಿರಗಳು ಆ ಕೆಲಸವನ್ನು ಮಾಡುತ್ತಲೇ ಬಂದಿವೆ. 2025ರ ಮಾರ್ಚ್‌ನಲ್ಲಿ ಸಚಿವರ ವೇತನ, ಮನೆ ಬಾಡಿಗೆ ಭತ್ಯೆಗಳನ್ನು ಹೆಚ್ಚಿಸುವ ವಿಧೇಯಕಕ್ಕೆ ವಿಧಾನಮಂಡಲ ಒಪ್ಪಿಗೆ ನೀಡಿದಾಗ ಅಂಕಿಗಳೆಲ್ಲ ಪತ್ರಿಕೆಗಳಲ್ಲಿ ಬಂದವು, ಟೀಕೆಯೂ ನಡೆಯಿತು. ಬಂಗಲೆಗಳ ಖರ್ಚಿಗೆ ಆ ಭಾಗ್ಯವಿಲ್ಲ. ಮೇಟಿಯ ಸಂಬಳ ಒಂದು ಶೀರ್ಷಿಕೆಯಲ್ಲಿ, ಸುಣ್ಣಬಣ್ಣ ಮತ್ತೊಂದರಲ್ಲಿ, ವಿದ್ಯುತ್ ಇನ್ನೊಂದರಲ್ಲಿ ಕರಗಿಹೋಗುತ್ತದೆ.

ಬ್ರಿಟನ್ನಿನ ಪ್ರಧಾನಿಗೆ ಚೆಕರ್ಸ್ ಎಂಬ ಹಳ್ಳಿಮನೆಯಿದೆ. ಆರ್ಥರ್ ಲೀ ದಂಪತಿಗಳ ಈ ದಾನಕ್ಕೆ 1917ರಲ್ಲಿ ಶಾಸನದ ಮುದ್ರೆ ಬಿತ್ತು. ನಿರ್ವಹಣೆಗೆ ಮೂಲಧನವನ್ನೂ ಅವರೇ ಇರಿಸಿದರು. ಕಾಲಾಂತರದಲ್ಲಿ ಅದು ಸಾಲದೆ ಖಜಾನೆಯ ಅನುದಾನ ಬೇಕಾಯಿತು. ದಾನವಾಗಿ ಬಂದ ಮನೆಯ ಗತಿಯೇ ಇದಾದರೆ, ತೆರಿಗೆ ಹಣದಲ್ಲಿ ಕಟ್ಟಿದ್ದರ ಮಾತೇನು! ನಮ್ಮಲ್ಲಿಯೇ ರಾಷ್ಟ್ರಪತಿಗಳು ವರ್ಷಕ್ಕೊಮ್ಮೆ ತಂಗುವ ಸಿಕಂದರಾಬಾದಿನ ರಾಷ್ಟ್ರಪತಿ ನಿಲಯವನ್ನು 2023ರಿಂದ ವರ್ಷವಿಡೀ ಸಾರ್ವಜನಿಕರ ವೀಕ್ಷಣೆಗೆ ತೆರೆಯಲಾಗಿದೆ. ರಾಷ್ಟ್ರಪತಿ ಪದವಿಯ ಘನತೆಗೆ ಇದರಿಂದ ಕುಂದು ಬಂದಿಲ್ಲ.

ಅತಿಥಿಗೃಹಗಳನ್ನು ಮುಚ್ಚಬೇಕೆಂದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಕೊಡಗು ತತ್ತರಿಸಿದಂತಹ ಹೊತ್ತಿನಲ್ಲಿ ಸಚಿವರೂ ಅಧಿಕಾರಿಗಳೂ ಜಿಲ್ಲೆಯಲ್ಲೇ ಉಳಿಯಬೇಕು, ಅದಕ್ಕೆ ಸೂರು ಬೇಕು. ಉಳಿದ ದಿನಗಳಲ್ಲಿ ಖಾಲಿ ಕೊಠಡಿಗಳನ್ನು ಮಾರುಕಟ್ಟೆಯ ದರದಲ್ಲಿ ಸಾರ್ವಜನಿಕರಿಗೆ ನೀಡಲು ಅಡ್ಡಿಯೇನು? ದರ ಮಾತ್ರ ಮಾರುಕಟ್ಟೆಯದೇ ಆಗಿರಬೇಕು. ರಿಯಾಯಿತಿ ದರದ ಸರ್ಕಾರಿ ಕೊಠಡಿ ಪಕ್ಕದ ಹೋಂಸ್ಟೇ ಮಾಲೀಕನ ಹೊಟ್ಟೆಯ ಮೇಲೆ ಹೊಡೆದೀತು.

ಮೊದಲು ಲೆಕ್ಕ ಹೊರಬರಲಿ. ಪ್ರತಿ ಬಂಗಲೆಯಲ್ಲಿ ಮೂರು ವರ್ಷಗಳಲ್ಲಿ ಎಷ್ಟು ರಾತ್ರಿ ಯಾರು ತಂಗಿದರು, ಸಂಬಳ, ದುರಸ್ತಿ, ವಿದ್ಯುತ್ತಿಗೆ ಎಷ್ಟು ವ್ಯಯವಾಯಿತು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು. ಆಯವ್ಯಯಕ್ಕೆ ಮುನ್ನ ವಾಣಿಜ್ಯ ಸಂಸ್ಥೆಗಳು ಸಲ್ಲಿಸುವ ಮನವಿಯಲ್ಲಿ ತೆರಿಗೆ ದರದ ಬೇಡಿಕೆಯ ಜೊತೆಗೆ ಈ ಅಂಕಿಗಳೂ ಇರಲಿ.